ಮನ್ಯಾಗ ಕೂತು ಹಾಕಬಹುದಿತ್ತಲ್ಲಾ?

ಮೊನ್ನೆ ಕುಬಸದ ಊಟದಾಗ ನಮ್ಮ ವೈನಿ ನಾಲ್ಕು ಮಂದಿ ಮುಂದ ಒಂದು ಮಾತಂದ್ರು. "ಅಲ್ಲವಾ, ಮಗಾ ನ್ಯೂಜಿಲೆಂಡಿನಾಗ ಮನಿಯಂಥಾ ಗಾಡಿ ಬಾಡಿಗಿ ಹಿಡದು 9 ದಿವಸ ಅಡ್ಡಾಡಿಸಿದಾ, ನೀ ಅಲ್ಲಿ ಹೋಗಿ ಕಸೂತಿ ಹಾಕ್ಕೋತ ಕೂತಿದ್ದಿ ಅಂತಲ್ಲ? ಮನ್ಯಾಗ ಕೂತು ಹಾಕಬಹುದಿತ್ತಲ್ಲಾ?" ಎಲ್ಲಾರೂ ನಕ್ಕರು. ನಾನೂ ನಕ್ಕೆ. ಸಾರಿನ ಬಕೀಟು ಕೈಯಾಗಿತ್ತು, ಬಡಸಕೋತ ಮುಂದ ಹೋದೆ. ರಾತ್ರಿ ನಿದ್ದಿ ಬರಲಿಲ್ಲ ನೋಡ್ರಿ. ಅದಕ್ಕ ಉತ್ತರಾ ಇಲ್ಲೆ ಬರೀಲಿಕ್ಕೆ ಕೂತೇನಿ. ವೈನಿ, ನೀವೂ ಓದ್ತೀರಿ ಅಂತ ಗೊತ್ತದ, ಸಿಟ್ಟು ಮಾಡ್ಕೋಬ್ಯಾಡ್ರಿ.

ಇಲ್ಲ ವೈನಿ, ಮನ್ಯಾಗ ಕೂತು ಹಾಕಲಿಕ್ಕೆ ಆಗ್ತಿರಲಿಲ್ಲ. 11 ವರ್ಷ ಪ್ರಯತ್ನ ಮಾಡಿ ನೋಡೇನಿ.

ಮಗಳ ಲಗ್ನಕ್ಕಂತ ಒಂದು ಚಂದ್ರಕಾಳಿ ಸೀರಿ ತಂದಿದ್ದೆ. ಕರೀ ರೇಶಿಮಿ. ಸೆರಗಿನ ತುಂಬ ಗೋಪುರ, ತೇರು, ತುಳಸಿ ವೃಂದಾವನ, ಆನಿ ಹಾಕಬೇಕಂತ ಆಶಾ. ಮಗಳ ಲಗ್ನ ಆತು, ಆಕಿ ಮಗಳು ಸಾಲಿಗೆ ಹೊಂಟಳು, ಸೆರಗಿನ ಮ್ಯಾಲೆ ಇದ್ದದ್ದು ಒಂದೂವರೆ ತೇರು. ಕಸೂತಿ ಗೊತ್ತಿದ್ದವರಿಗೆ ನಾ ಹೇಳೂದು ಬ್ಯಾಡ. ಗೊತ್ತಿಲ್ಲದ ಸೊಸೆಂದಿರಿಗೆ ಹೇಳ್ತೀನಿ, ಇದರಾಗ ಮೊದಲ ಚಿತ್ರಾ ಬರಕೊಂಡು ಅದರ ಮ್ಯಾಲೆ ಹೊಲಿಯೂದಿಲ್ಲ. ಬಟ್ಟಿ ಎಳಿ ಎಣಿಸಿ ಹಾಕಬೇಕು. ಗಂಟು ಹಾಕೋ ಹಂಗಿಲ್ಲ. ಗವಂತಿ ಹಾಕಿದ್ರ ದಾರಾ ಒಂದು ಸರ್ತಿ ಹೋಗಿ, ಬಿಟ್ಟ ಜಾಗಾ ತುಂಬಕೋತ ಅದೇ ದಾರಿಲೆ ತಿರುಗಿ ಬರಬೇಕು. ಸೀರಿ ಹೊಳ್ಳಿಸಿ ನೋಡಿದ್ರೂ ಅದೇ ಚಿತ್ರಾ ಕಾಣಬೇಕು. ಒಂದು ಎಳಿ ತಪ್ಪಿದ್ರ ಮುಂದಿಂದೆಲ್ಲಾ ವಾರಿ ಆಗ್ತದ, ಬಿಚ್ಚೂದೇ.

ಈಗ ನಮ್ಮ ಮನಿ ನೋಡ್ರಿ. ಏಳು, ಎಂಟು, ಒಂಬತ್ತು ಅನ್ನೂದ್ರಾಗ ಸಿಲಿಂಡರಿನವಾ ಬಂದಾ. ಮತ್ತ ಒಂದರಿಂದ ಎಣಿಸು. ಕುಕ್ಕರ್ ಕೂಗ್ತು. ಮ್ಯಾಲಿನ ಮನಿಯವರ ಕೊರಿಯರ್ ನಮ್ಮ ಮನ್ಯಾಗ ಇಸಕೋಬೇಕು, ಯಾಕಂದ್ರ "ಕಾಕೂ ಮನ್ಯಾಗ ಇರ್ತಾರ". ಇವರಿಗೆ ಚಷ್ಮಾ ಬೇಕು, ಅದು ಇವರ ಹಣಿ ಮ್ಯಾಲೇ ಇರ್ತದ. ಕೂತ ಹೆಣ್ಣಮಗಳು ಖಾಲಿ ಇದ್ದಾಳ ಅಂತ ನಮ್ಮಲ್ಲೆ ಲೆಕ್ಕ. ಪೇಪರ್ ಓದಕೋತ ಕೂತ ಗಂಡಸಿಗೆ ಯಾರೂ "ಏನು, ಸುಮ್ಮ ಕೂತಿ" ಅಂತ ಕೇಳಂಗಿಲ್ಲ. ಸೂಜಿ ಹಿಡದು ಕೂತಾಕಿಗೆ ಎಲ್ಲಾರೂ ಕೇಳ್ತಾರ.

ಗಾಡಿ ಹೆಂಗಿತ್ತು ಅಂತ ಭಾಳ ಮಂದಿ ಕೇಳೀರಿ. ಅಲ್ಲಿ ಕಾರಿನ ಹಿಂದ ಕಟ್ಟಿ ಎಳಕೊಂಡು ಹೋಗೂದಕ್ಕ ಕ್ಯಾರವಾನ್ ಅಂತಾರ. ನಮ್ಮದು ಎಂಜಿನ್ ಅದರಾಗೇ ಇರೋದು, ಕ್ಯಾಂಪರ್‌ವ್ಯಾನ್. ಗ್ಯಾಸಿನ ಒಲಿ, ಸಣ್ಣ ಫ್ರಿಜ್, ಒಂದು ಸಂಡಾಸ. ಹಗಲೆಲ್ಲಾ ಊಟದ ಟೇಬಲ್, ರಾತ್ರಿ ಅದನ್ನ ಇಳಿಸಿ ಮ್ಯಾಲೆ ಗಾದಿ ಜೋಡಿಸಿದ್ರ ಹಾಸಿಗಿ. ಮಗಾ, ಸೊಸಿ, ಮೊಮ್ಮಗಾ, ನಾವಿಬ್ಬರು, ಒಟ್ಟು ಐದು ಮಂದಿ. ಇಬ್ಬರು ಎದುರಾಬದುರಾ ಬಂದ್ರ ಒಬ್ಬರು ಹಾಸಿಗಿ ಮ್ಯಾಲೆ ಹತ್ತಬೇಕು. ಅರಮನಿ ಅಲ್ಲ ಅದು.

ಕ್ರೈಸ್ಟ್‌ಚರ್ಚಿನಿಂದ ಟೆಕಾಪೊ ಅನ್ನೋ ಕೆರಿಗೆ ಸುಮಾರು 225 ಕಿಲೊಮೀಟರ್. ಮೂರು ತಾಸಿನ ದಾರಿ, ನಾವು ಎರಡು ದಿವಸ ತಗೊಂಡ್ವಿ. ಮುಂದ ಕೆರಿ ದಂಡಿಗೆ ಮೂರು ರಾತ್ರಿ ನಿಂತ್ವಿ. ನೀರು ಹಾಲು ಬೆರಸಿದಂಥಾ ನೀಲಿ. ಹಿಮನದಿ ಬಂಡಿಗಲ್ಲು ಅರದು ಮಾಡಿದ ಹಿಟ್ಟು ನೀರಿನಾಗ ತೇಲ್ತದ, ಅದಕ್ಕ ಆ ಬಣ್ಣ ಅಂತ. ದಂಡಿ ತುಂಬ ಜಾಂಬಳಿ, ಗುಲಾಬಿ ಬಣ್ಣದ ಲುಪಿನ್ ಹೂವು. ಫೋಟೊಕ್ಕ ಛಲೋ, ಅಲ್ಲಿ ಗಿಡಗಂಟಿ ಕಾಯೋ ಮಂದಿ ಮಾತ್ರ ಅದನ್ನ ಕಳೆ ಅಂತ ಬೈತಾರ. ಡಿಸೆಂಬರ್ ಅಂದ್ರ ಅಲ್ಲಿ ಬ್ಯಾಸಗಿ, ರಾತ್ರಿ 9 ಆದ್ರೂ ಬೆಳಕು. ಕರೀ ಬಟ್ಟಿ ಮ್ಯಾಲೆ ಎಳಿ ಎಣಿಸೋ ನನ್ನಂಥಾಕಿಗೆ ಇನ್ನೇನು ಬೇಕು? ಗಾಡಿ ಬಾಗಲಾ ತಗದು, ಕುರ್ಚಿ ಹೊರಗ ಹಾಕ್ಕೊಂಡು ಕೂತೆ. ಏಳು, ಎಂಟು, ಒಂಬತ್ತು. ಹತ್ತು. ಹನ್ನೊಂದು. ಯಾರೂ ಬರಲಿಲ್ಲ. ಖರೇ ಹೇಳ್ತೀನಿ, ಕಣ್ಣಾಗ ನೀರು ಬಂತು.

ಬಾಜೂ ಗಾಡಿಯಾಕಿ ನನಗಿಂತ ಹತ್ತು ವರ್ಷ ದೊಡ್ಡಾಕಿ ಇರಬೇಕು. ಮೆರಿನೊ ಕುರಿ ಉಣ್ಣಿಲೆ ಸ್ವೆಟರ್ ಹೆಣೀತಿದ್ದಳು. ಗಂಡಾ ಬಣ್ಣದ ಡಬ್ಬಿ ಇಟ್ಟಕೊಂಡು ಎದುರಿನ ಗುಡ್ಡಾ ತಗೀತಿದ್ದಾ. ಮೂರು ದಿವಸದಾಗ ಒಂದೇ ಗುಡ್ಡಾ. ಅವರಿಗೆ ಯಾರೂ "ಮನ್ಯಾಗ ಕೂತು ಮಾಡಬಹುದಿತ್ತಲ್ಲಾ" ಅಂತ ಕೇಳಲಿಲ್ಲ. ಆಕಿ ನನ್ನ ಸೆರಗು ಇಸಕೊಂಡು ಹೊಳ್ಳಿಸಿ ನೋಡಿದ್ಳು. ಗಂಟು ಎಲ್ಲದ ಅಂತ ಹುಡಿಕಿದ್ಳು, ಸಿಗಲಿಲ್ಲ. ಆಕಿ ಮಾತು ನನಗ ಅರ್ಧ ತಿಳೀತು, ನನ್ನ ಇಂಗ್ಲಿಷು ಆಕಿಗೆ ಕಾಲುಭಾಗ. ಒಂದು ತಾಸು ಮಾತಾಡಿದ್ವಿ.

"ಕ್ವೀನ್ಸ್‌ಟೌನ್ ನೋಡಲಿಲ್ಲಾ? ಮಿಲ್ಫರ್ಡ್ ಸೌಂಡ್ ನೋಡಲಿಲ್ಲಾ?" ಅಂತ ಕೇಳವರಿಗೆ ಹೇಳ್ತೀನಿ, ಇಲ್ಲ. ಮೌಂಟ್ ಕುಕ್ ನೋಡಿದೆ, 3,724 ಮೀಟರ್ ಗುಡ್ಡಾ, ಒಂದು ಇಡೀ ದಿವಸ ಮಾಡ ಸರಿಯೂದು ನೋಡಕೋತ ಕೂತೆ. ಓಮರುದಾಗ ಕತ್ತಲಾದ ಮ್ಯಾಲೆ ಸಮುದ್ರದಿಂದ ಮನಿಗೆ ಬರೋ ಗಿಡ್ಡ ಪೆಂಗ್ವಿನ್ ನೋಡಿದೆ. ಸಾಕಾತು. ಹಿಂದಕ ನಾವೆಲ್ಲಾ ಟೆಂಪೊ ಮಾಡಿಕೊಂಡು ಹೋಗಿದ್ವಲ್ಲ, ಎರಡು ದಿವಸದಾಗ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳಿ, ಕೂಡಲಸಂಗಮ, ಹಂಪಿ! ಜೀವಮಾನ ಎಲ್ಲಾ ಕಸೂತಿಯೊಳಗ ಗೋಪುರ ಹಾಕಿದಾಕಿ ನಾನು, ಪಟ್ಟದಕಲ್ಲಿನ ಗುಡಿ ಮುಂದ ಹತ್ತು ನಿಮಿಷ ನಿಲ್ಲಲಿಲ್ಲ. "ಹತ್ರಿ ಹತ್ರಿ, ಹೊತ್ತಾತು." ಐಹೊಳಿ ಅಂದ್ರ ನನಗ ನೆನಪಿರೂದು ಸಂಡಾಸಿನ ಪಾಳಿ. ಅದಕ್ಕ ಯಾರೂ ರೊಕ್ಕಾ ದಂಡ ಆತು ಅನ್ನಂಗಿಲ್ಲ.

ಗಾಡಿಯೊಳಗೂ ಒಂದು ಮೋಸಾ ಅದ, ಅದನ್ನೂ ಹೇಳಬೇಕು. ಒಲಿ ಎಲ್ಲದನೋ ಅಲ್ಲಿ ನಾವು. ಮೊದಲನೇ ಸಂಜಿಗೆ ಗಾಡಿ ನಿಂತದ್ದೇ ತಡಾ, ನನ್ನ ಕೈ ತಾನೇ ಹಿಟ್ಟಿನ ಡಬ್ಬಿಗೆ ಹೋತು. ಲಟ್ಟಣಿಗಿ ಆಡಿಸಿದ್ರ ಮೊಳಕೈ ಗ್ವಾಡಿಗೆ ಬಡೀತದ, ಅಂಥಾದ್ರಾಗ ಹದಿನೆಂಟು ಚಪಾತಿ, ಬದನಿಕಾಯಿ ಪಲ್ಯ. "ಅಮ್ಮನ ಚಪಾತಿ ತಿಂದು ಎಷ್ಟು ದಿವಸ ಆಗಿತ್ತು" ಅಂದಾ ಮಗಾ. ಹೊಟ್ಟಿ ತಂಪಾತು, ಸುಳ್ಳ್ಯಾಕ ಹೇಳ್ಲಿ. ಆದ್ರ ರಾತ್ರಿ ಪಾತ್ರೆ ತಿಕ್ಕಕೋತ ಅನಿಸ್ತು, ಏಳು ಸಮುದ್ರ ದಾಟಿ ಬಂದು ನಾ ಅಡಗಿಮನ್ಯಾಗೇ ಅದೇನಲ್ಲ, ಈ ಸರ್ತಿ ಅಡಗಿಮನಿಗೆ ಗಾಲಿ ಬಂದಾವ ಅಷ್ಟೇ. ಮುಂಜಾನೆ ಎದ್ದು ಹೇಳಿಬಿಟ್ಟೆ, ಇವತ್ತಿನಿಂದ ಪಾಳಿ. ಇವರಿಗೂ ಪಾಳಿ.

ಇವರು ಅವಲಕ್ಕಿ ಮಾಡಿದ್ರು. ತೋಯಿಸಿ ಮರತರು, ಅಂಟು ಆತು. ತಿಂದ್ವಿ, ಯಾರೂ ಸಾಯಲಿಲ್ಲ. ಇನ್ನ ಸಂಡಾಸಿನ ಪೆಟ್ಟಿಗಿ. ಅದನ್ನ ಕೈಲೆ ಎಳಕೊಂಡು ಹೋಗಿ ಡಂಪ್ ಸ್ಟೇಷನ್ನಿನಾಗೇ ಸುರವಬೇಕು, ಕಂಡಕಂಡಲ್ಲಿ ಚೆಲ್ಲೋ ಹಂಗಿಲ್ಲ. ಮೂವತ್ತು ವರ್ಷ ಆಫೀಸಿನಾಗ ಸಾಹೇಬ್ರು ಅನಿಸಿಕೊಂಡವರು ಮೂಗು ಕಟಿಗೊಂಡು ಆ ಪೆಟ್ಟಿಗಿ ಎಳಕೊಂಡು ಹೊಂಟದ್ದು ನಾ ಸಾಯೋತನಕ ಮರೆಯಂಗಿಲ್ಲ. ಫೋಟೊ ಅದ. ಹಾಕಬ್ಯಾಡ ಅಂದಾರ.

ಇದೆಲ್ಲಾ ಬಿಳೇ ಮಂದಿ ಶೋಕಿ ಅಂತ ಮಾವಶಿ ಅಂದ್ರು. ಮಾವಶಿ, ನಮ್ಮ ನವಲಗುಂದದ ಅಜ್ಜಿ ಭಾರತ ಹುಣ್ಣಿವಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿಕೊಂಡು ಹೋಗತಿದ್ದದ್ದು ನೀವೇ ಹೇಳೀರಿ. ಎತ್ತಿಗೆ ದಣಿವಾದಲ್ಲೆ ನಿಲ್ಲೂದು, ಗಿಡದ ನೆಳ್ಳಿಗೆ ಕೂಡೂದು. ಕಟಕ ರೊಟ್ಟಿ, ಶೇಂಗಾ ಚಟ್ನಿ ಮನ್ಯಾಗೇ ಕಟಿಗೊಂಡು ಹೋಗೂದು, ದಾರ್ಯಾಗ ಒಲಿ ಹಚ್ಚೂ ಮಾತೇ ಕಡಿಮಿ. ಅಜ್ಜಿ ಆವಾಗ ಕೌದಿ ಹೊಲೀತಿದ್ದಳು ಅಂತ ನೀವೇ ಅಂದಿದ್ರಿ. ಎತ್ತಿಗೆ ವಿಶ್ರಾಂತಿ ಬೇಕಂತ ತಿಳಿದ ಮಂದಿ ನಾವು.

ರೊಕ್ಕದ ಮಾತು ಖರೇ. ಆ ಗಾಡಿ ಬಾಡಿಗಿ ಮಗಾ ಕೊಟ್ಟಾನ, ನಮ್ಮ ಪಿಂಚಣಿಯೊಳಗ ಆಗೋ ಕೆಲಸ ಅಲ್ಲ. ಎಲ್ಲಾರೂ ನ್ಯೂಜಿಲೆಂಡಿಗೆ ಹೋಗ್ರಿ ಅಂತ ನಾ ಹೇಳಲಿಕ್ಕೆ ಹತ್ತಿಲ್ಲ. ಪಟ್ಟದಕಲ್ಲಿಗೆ ಹೋಗ್ರಿ, ಅದೊಂದಕ್ಕೇ ಹೋಗ್ರಿ. ಚಾಪಿ ಒಯ್ಯಿರಿ. ಮೂರು ದಿವಸ ಇರ್ರಿ.

ಸೆರಗಿನ ಆ ಅರ್ಧ ತೇರು ಮುಗದದ, ಎರಡು ಗೋಪುರ ಆಗ್ಯಾವ, ಆನಿಗೆ ಇನ್ನ ಹಿಂದಿನ ಕಾಲು ಬರಬೇಕು. ಊರಿಗೆ ಬಂದು ಎರಡು ತಿಂಗಳಾತು, ಸೀರಿ ಟ್ರಂಕಿನಾಗ ಹಂಗೇ ಅದ. ನಿನ್ನೆ ಇವರಿಗೆ ಹೇಳಿದೆ, ದೀಪಾವಳಿ ಮುಗದ ಮ್ಯಾಲೆ ಬಾದಾಮಿಯೊಳಗ ಒಂದು ಖೋಲಿ ಹಿಡದು ನಾಲ್ಕು ದಿವಸ ಇರೂಣು, ಅಲ್ಲಿಂದ ದಿನಾ ಪಟ್ಟದಕಲ್ಲಿಗೆ ಹೋಗೂಣು ಅಂತ. "ಅವಲಕ್ಕಿ ನಾನೇ ಮಾಡಬೇಕೇನು?" ಅಂದ್ರು.

ಹೌದು ಅಂದೆ. ವೈನಿ, ಗಾಡ್ಯಾಗ ಇನ್ನ ಎರಡು ಸೀಟು ಖಾಲಿ ಅದಾವ.