ಜ್ವರ, ಗುಳಿಗೆ ಮತ್ತು ಒಂದು ದಿನದ ಕೂಲಿ

ಮಳೆಗಾಲ ಬಂತೆಂದರೆ ಗಿರಣಿ ಕೇರಿಯಲ್ಲಿ ಮನೆಗೊಬ್ಬರು ಜ್ವರದಿಂದ ಮಲಗುತ್ತಾರೆ. ಹಿಂದೆ ಚಳಿಜ್ವರವೆಂದರೆ ಮಲೇರಿಯಾ, ಮದ್ದೆಂದರೆ ಕ್ವಿನೈನು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಂದಿನಿಂದ ನಡೆದ ಸಾರ್ವಜನಿಕ ಶ್ರಮದ ಫಲವಾಗಿ ನಮ್ಮ ರಾಜ್ಯದ ಬಹುಭಾಗದಲ್ಲಿ ಇಂದು ಮಲೇರಿಯಾ ಅಪರೂಪ. ಆದರೆ ಕ್ವಿನೈನಿನ ಜಾಗದಲ್ಲಿ ಆಂಟಿಬಯಾಟಿಕ್ ಬಂದು ಕುಳಿತಿದೆ. ಮಲೇರಿಯಾ ಇಲ್ಲವೆಂದು ರಕ್ತಪರೀಕ್ಷೆ ಹೇಳಿದೊಡನೆ ಅಜಿತ್ರೋಮೈಸಿನೋ ಸೆಫಿಕ್ಸಿಮೋ ಚೀಟಿಗೆ ಇಳಿಯುತ್ತದೆ. ಚೀಟಿಯೇ ಇಲ್ಲದೆ ಅಂಗಡಿಯಲ್ಲಿ ಕೊಳ್ಳುವವರೂ ಉಂಟು.

ಇದು ಊಹೆಯ ವೈದ್ಯ. ಡೆಂಗೆ, ಚಿಕುನ್‌ಗುನ್ಯ, ಫ್ಲೂ ಇವೆಲ್ಲ ವೈರಸ್ಸಿನ ಜ್ವರಗಳು. ಆಂಟಿಬಯಾಟಿಕ್ ಇವಕ್ಕೆ ನಾಟುವುದೇ ಇಲ್ಲ. ಟೈಫಾಯಿಡ್, ಇಲಿಜ್ವರ, ಸ್ಕ್ರಬ್ ಟೈಫಸ್ಸುಗಳಿಗೆ ಅದು ಬೇಕೇ ಬೇಕು, ಆದರೆ ತಕ್ಕದ್ದೇ ಬೇಕು. ಸ್ಕ್ರಬ್ ಟೈಫಸ್ಸಿಗೆ ಡಾಕ್ಸಿಸೈಕ್ಲಿನ್ ಹಿಡಿಯುತ್ತದೆ, ಸೆಫಿಕ್ಸಿಮ್ ಹಿಡಿಯದು. ಊಹೆ ತಪ್ಪಿದರೆ ದುಡ್ಡೂ ಹೋಯಿತು, ಜೀವಕ್ಕೂ ಅಪಾಯ.

ಬೇಡದೆಡೆ ಬಳಸಿದ ಮದ್ದನ್ನು ಸೋಲಿಸಲು ರೋಗಾಣುಗಳು ಕಲಿಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಒಮ್ಮೆ ಟೈಫಾಯಿಡ್ಡಿಗೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ಈಗ ಬಹುಮಟ್ಟಿಗೆ ಸೋತಿದೆ. ಅಗ್ಗದ ಗುಳಿಗೆ ಸೋತಾಗ ಉಳಿಯುವುದು ದುಬಾರಿ ಇಂಜೆಕ್ಷನ್. ಅದು ಸಾಹುಕಾರನಿಗೆ ನಿಲುಕೀತು, ನಮಗೆ ನಿಲುಕೀತೇ?

ಅಂಗಡಿಯವನನ್ನೋ ರೋಗಿಯನ್ನೋ ದೂರುವುದು ಸುಲಭ. ಸೆಫಿಕ್ಸಿಮ್‌ನಂಥ ಮದ್ದು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು ಬರೆದಿಡಬೇಕೆಂಬ ನಿಯಮ 2014ರಿಂದಲೇ ಇದೆ. ಅದನ್ನು ವ್ಯಾಪಾರಿ ಬಂಧುಗಳು ಪಾಲಿಸಲೇಬೇಕು. ಆದರೆ ಒಂದು ಪಾಳಿ ತಪ್ಪಿದರೆ ಕೂಲಿ ಇಲ್ಲ, ಒಂದು ದಿನ ಬಾಗಿಲು ಹಾಕಿದರೆ ವ್ಯಾಪಾರವಿಲ್ಲ ಎಂಬ ಸ್ಥಿತಿಯಲ್ಲಿ ಇರುವವನಿಗೆ "ಎರಡು ದಿನ ಮಲಗು, ಪರೀಕ್ಷೆ ಮಾಡಿಸು" ಎಂಬುದು ಬರಿಯ ಉಪದೇಶ. ಆ ಗುಳಿಗೆಯಲ್ಲಿ ಅವನು ಕೊಳ್ಳಲು ಹೊರಟಿರುವುದು ನಾಳಿನ ಕೂಲಿಯನ್ನು.

ಆದ್ದರಿಂದ ನಾವು ಕೇಳುವುದು ಎರಡು. ಪ್ರತಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಡೆಂಗೆ, ಟೈಫಾಯಿಡ್, ಇಲಿಜ್ವರ, ಸ್ಕ್ರಬ್ ಟೈಫಸ್ಸುಗಳ ಪರೀಕ್ಷೆ ಉಚಿತವಾಗಿ, ಬೇಗನೆ ಸಿಗುವಂತಾಗಲಿ. ಖಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಜ್ವರದ ದಿನಕ್ಕೆ ಕೂಲಿ ದೊರೆಯಲಿ.

ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡೋಣ. ಚೀಟಿ ಬರೆಯುವ ವೈದ್ಯರನ್ನು "ಇದು ಯಾವ ಜ್ವರ, ಈ ಮದ್ದು ಯಾಕೆ?" ಎಂದು ವಿನಯದಿಂದಲೇ ಕೇಳೋಣ. ಉಸಿರು ಕಟ್ಟಿದರೆ, ರಕ್ತ ಸೋರಿದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸೋಣ. ಕೇಳುವುದು ನಮ್ಮ ಹಕ್ಕು. ಉತ್ತರ ಕೊಡುವುದು ಅವರ ಕರ್ತವ್ಯ.