ಸಾಂಕ್ರಾಮಿಕದ ಕಾಲದಲ್ಲಿ ಗಂಭೀರ ರೋಗಿಗಳ ವಿಮಾನ ಸಾಗಣೆ: ಒಂದು ಪರಾಮರ್ಶೆ

ಗಂಭೀರ ಸ್ಥಿತಿಯಲ್ಲಿರುವ ರೋಗಿಯನ್ನು ಒಂದು ಊರಿನ ಆಸ್ಪತ್ರೆಯಿಂದ ಮತ್ತೊಂದು ಊರಿನ ಆಸ್ಪತ್ರೆಗೆ ವಿಮಾನದ ಮೂಲಕ ಸಾಗಿಸುವ ವಿಚಾರವು 2020ಕ್ಕೆ ಮೊದಲು ಸಾಮಾನ್ಯ ಕುಟುಂಬಗಳ ಆಲೋಚನೆಗೆ ಬರುತ್ತಿದ್ದುದು ವಿರಳ. ಕೋವಿಡ್-19ರ ಎರಡನೆಯ ಅಲೆಯ ಸಂದರ್ಭದಲ್ಲಿ, ಅಂದರೆ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಈ ಸ್ಥಿತಿ ಬದಲಾಯಿತು. ತೀವ್ರ ನಿಗಾ ಘಟಕದ ಹಾಸಿಗೆ ದೊರೆಯದ ಊರುಗಳಿಂದ ಹಾಸಿಗೆ ಇದೆಯೆಂದು ತಿಳಿದುಬಂದ ಊರುಗಳಿಗೆ ರೋಗಿಗಳನ್ನು ಕರೆದೊಯ್ಯಲು ಅನೇಕರು ಮುಂದಾದರು. ಶ್ವಾಸಕೋಶ ಸಂಪೂರ್ಣ ಸೋತಾಗ ರಕ್ತಕ್ಕೆ ದೇಹದ ಹೊರಗೆ ಆಮ್ಲಜನಕ ನೀಡುವ ಎಕ್ಮೋ ಚಿಕಿತ್ಸೆಗಾಗಿ ಉತ್ತರದ ರಾಜ್ಯಗಳಿಂದ ಹೈದರಾಬಾದ್ ಮತ್ತು ಚೆನ್ನೈಗೆ ಬಂದವರೂ ಇದ್ದರು. ಈ ಸೇವೆಯಿಂದ ಬದುಕುಳಿದವರಿದ್ದಾರೆ. ಲಕ್ಷಗಟ್ಟಲೆ ವ್ಯಯಿಸಿಯೂ ಪ್ರಯೋಜನ ಕಾಣದವರೂ ಇದ್ದಾರೆ. ಈ ವ್ಯತ್ಯಾಸವು ಬಹುಮಟ್ಟಿಗೆ ವಿಮಾನದ ವೇಗದಿಂದ ಉಂಟಾದುದಲ್ಲ. ರೋಗಿಯನ್ನು ಯಾವ ಹಂತದಲ್ಲಿ, ಯಾರ ತೀರ್ಮಾನದ ಮೇರೆಗೆ, ಯಾವ ಸಿದ್ಧತೆಯೊಂದಿಗೆ ಸಾಗಿಸಲಾಯಿತು ಎಂಬುದರಿಂದ ಉಂಟಾದುದು.

ಹಾರಾಟಕ್ಕೆ ಅಡ್ಡಿ ಇರಲಿಲ್ಲ

ದೇಶದೊಳಗಿನ ಪ್ರಯಾಣಿಕ ವಿಮಾನಗಳ ಸಂಚಾರವನ್ನು 2020ರ ಮಾರ್ಚ್ 25ರಿಂದ ಸ್ಥಗಿತಗೊಳಿಸಲಾಗಿ, ಮೇ 25ರಂದು ಹಂತಹಂತವಾಗಿ ಪುನರಾರಂಭಿಸಲಾಯಿತು. ಸರಕು ವಿಮಾನಗಳಿಗೂ ವೈದ್ಯಕೀಯ ಸ್ಥಳಾಂತರದ ವಿಮಾನಗಳಿಗೂ ಈ ನಿರ್ಬಂಧದಿಂದ ವಿನಾಯಿತಿ ನೀಡಲಾಗಿತ್ತು. ಹೀಗಾಗಿ ನಿಯಮಗಳ ಮಟ್ಟಿಗೆ ಏರ್ ಆಂಬುಲೆನ್ಸ್‌ಗೆ ತಡೆ ಇರಲಿಲ್ಲ. ನಿಜವಾದ ಅಡಚಣೆಗಳು ಬೇರೆಯವು. ಸಾಧಾರಣ ಕಾಲದಲ್ಲಿ ಪ್ರಯಾಣಿಕ ವಿಮಾನದ ಕೆಲವು ಆಸನಗಳ ಮೇಲೆ ಸ್ಟ್ರೆಚರ್ ಅಳವಡಿಸಿ ರೋಗಿಯನ್ನು ಕಡಿಮೆ ವೆಚ್ಚದಲ್ಲಿ ಕರೆದೊಯ್ಯುವ ಅವಕಾಶವಿರುತ್ತದೆ. ಸೋಂಕು ತಗುಲಿದ ರೋಗಿಗೆ ಆ ದಾರಿ ಮುಚ್ಚಿತ್ತು. ಪ್ರತ್ಯೇಕ ವಿಮಾನವನ್ನೇ ಗೊತ್ತುಪಡಿಸಬೇಕಾಗಿತ್ತು. ಪ್ರತಿ ಹಾರಾಟದ ನಂತರ ವಿಮಾನದ ಒಳಭಾಗವನ್ನು ಸೋಂಕುರಹಿತಗೊಳಿಸಬೇಕಾದುದರಿಂದ, ಬೇಡಿಕೆ ಏರಿದ ದಿನಗಳಲ್ಲೇ ವಿಮಾನಗಳ ಲಭ್ಯತೆ ಕುಗ್ಗಿತು.

ಸೋಂಕು ವೈದ್ಯರಿಗೂ ವಿಮಾನ ಚಾಲಕರಿಗೂ ಹರಡದಂತೆ ರೋಗಿಯನ್ನು ಪಾರದರ್ಶಕ ಪೆಟ್ಟಿಗೆಯಂತಹ ಪ್ರತ್ಯೇಕ ಕೋಶದಲ್ಲಿ ಇರಿಸುವ ಕ್ರಮವನ್ನು ಅನುಸರಿಸಲಾಯಿತು. ಭಾರತೀಯ ವಾಯುಪಡೆಯು 2020ರ ಜೂನ್ ತಿಂಗಳಲ್ಲಿ 'ಅರ್ಪಿತ್' ಎಂಬ ಹೆಸರಿನ ಇಂತಹ ಕೋಶವನ್ನು ತಾನೇ ಸಿದ್ಧಪಡಿಸಿತು. ಆಮದು ಮಾಡಿಕೊಳ್ಳುವ ಕೋಶಗಳ ಬೆಲೆ ರೂ. 60 ಲಕ್ಷದವರೆಗೆ ಇದ್ದರೆ, ಇದರ ತಯಾರಿಕೆಗೆ ತಗುಲಿದ ವೆಚ್ಚ ರೂ. 60 ಸಾವಿರ ಎಂದು ಆಗ ಪ್ರಕಟಿಸಲಾಗಿತ್ತು.

ತೀರ್ಮಾನ ಯಾರದು?

ಈ ವಿಷಯದಲ್ಲಿ ಯುರೋಪಿನ ಅನುಭವವನ್ನು ಗಮನಿಸುವುದು ಉಪಯುಕ್ತ. ಫ್ರಾನ್ಸಿನ ಪೂರ್ವಭಾಗದ ಮುಲೂಸ್ ನಗರದ ಆಸ್ಪತ್ರೆಗಳು ಭರ್ತಿಯಾದಾಗ, 2020ರ ಮಾರ್ಚ್ 18ರಂದು ಆ ದೇಶದ ವಾಯುಪಡೆಯ ವಿಮಾನವೊಂದು ಆರು ರೋಗಿಗಳನ್ನು ದಕ್ಷಿಣದ ಸೇನಾ ಆಸ್ಪತ್ರೆಗಳಿಗೆ ಸಾಗಿಸಿತು. ಮಾರ್ಚ್ 28ರಂದು ಜರ್ಮನಿಯ ವಾಯುಪಡೆಯು ಇಟಲಿಯ ಬೆರ್ಗಾಮೊದಿಂದ ಆರು ರೋಗಿಗಳನ್ನು ಕಲೋನ್ ನಗರಕ್ಕೆ ಕರೆತಂದಿತು. ವಿಮಾನವೊಂದೇ ಉಪಾಯವೆಂದು ಆ ದೇಶಗಳು ಭಾವಿಸಲಿಲ್ಲ ಎಂಬುದೂ ಗಮನಾರ್ಹ. ಮಾರ್ಚ್ 26ರಂದು ಸ್ಟ್ರಾಸ್‌ಬರ್ಗ್‌ನಿಂದ ಇಪ್ಪತ್ತು ರೋಗಿಗಳನ್ನು ಫ್ರಾನ್ಸ್ ವೇಗದ ರೈಲಿನಲ್ಲಿಯೇ ಪಶ್ಚಿಮಕ್ಕೆ ಕಳುಹಿಸಿತು.

ಇಲ್ಲಿ ಪ್ರಯಾಣಕ್ಕೆ ಆಯ್ಕೆಯಾದವರು ಅತಿ ಅಪಾಯದಲ್ಲಿದ್ದ ರೋಗಿಗಳಲ್ಲ. ವೆಂಟಿಲೇಟರ್ ಮೇಲಿದ್ದರೂ ಸ್ಥಿರವಾಗಿದ್ದು, ಪ್ರಯಾಣವನ್ನು ತಾಳಬಲ್ಲವರೆಂದು ವೈದ್ಯರು ನಿರ್ಣಯಿಸಿದವರನ್ನು ಕಳುಹಿಸಿ, ತೆರವಾದ ಹಾಸಿಗೆಗಳನ್ನು ಅದೇ ಊರಿನ ಹೊಸ ರೋಗಿಗಳಿಗೆ ನೀಡಲಾಯಿತು. ವೆಚ್ಚವು ಕುಟುಂಬದ ಮೇಲೆ ಬೀಳಲಿಲ್ಲ. ಭಾರತದಲ್ಲಿ 2021ರಲ್ಲಿ ನಡೆದ ಸಾಗಣೆಗಳ ಸ್ವರೂಪ ಬಹುಪಾಲು ಇದಕ್ಕೆ ವಿರುದ್ಧವಾಗಿತ್ತು. ತೀರ್ಮಾನವು ಕುಟುಂಬದ್ದು, ಹಣವೂ ಕುಟುಂಬದ್ದು. ಸ್ಥಳೀಯ ಚಿಕಿತ್ಸೆ ಫಲಿಸದೆ ರೋಗಿಯ ಸ್ಥಿತಿ ವಿಷಮಿಸಿದ ಮೇಲೆ, ಅಂದರೆ ಪ್ರಯಾಣಕ್ಕೆ ಅತ್ಯಂತ ಪ್ರತಿಕೂಲವಾದ ಗಳಿಗೆಯಲ್ಲಿ, ವಿಮಾನವನ್ನು ಕರೆಸಲಾಗುತ್ತಿತ್ತು. ಕುಟುಂಬದವರನ್ನು ಇದಕ್ಕಾಗಿ ದೂರುವಂತಿಲ್ಲ. ಮೊದಲೇ ತೀರ್ಮಾನಿಸಲು ಅವರಿಗೆ ಮಾಹಿತಿಯೂ ಇರಲಿಲ್ಲ, ಅದನ್ನು ನೀಡುವ ಏಕೈಕ ವ್ಯವಸ್ಥೆಯೂ ಇರಲಿಲ್ಲ.

ಎತ್ತರದ ಗಾಳಿ ಮತ್ತು ಸಿಲಿಂಡರಿನ ಲೆಕ್ಕ

ಹಾರುತ್ತಿರುವ ವಿಮಾನದ ಒಳಗಿನ ಗಾಳಿಯ ಒತ್ತಡವು ನೆಲದ ಮೇಲಿನಂತೆ ಇರುವುದಿಲ್ಲ. ಸಾಮಾನ್ಯವಾಗಿ ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರುತ್ತದೆ. 8,000 ಅಡಿಯಲ್ಲಿ ಒತ್ತಡವು ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುವುದರಿಂದ, ಶೇಕಡ 21ರಷ್ಟು ಆಮ್ಲಜನಕವುಳ್ಳ ಗಾಳಿಯು ದೇಹಕ್ಕೆ ಶೇಕಡ 15-16ರಷ್ಟು ಉಳ್ಳ ಗಾಳಿಯಂತೆ ವರ್ತಿಸುತ್ತದೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಕೋವಿಡ್ ನ್ಯುಮೋನಿಯಾದಿಂದ ಶ್ವಾಸಕೋಶ ಬಾಧಿತವಾದವರಲ್ಲಿ ಇದೇ ಇಳಿಕೆ ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಇದಲ್ಲದೆ ದೇಹದೊಳಗೆ ಸಿಲುಕಿದ ಗಾಳಿಯು ಆ ಎತ್ತರದಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿದ್ದರೆ, ನಳಿಕೆ ಹಾಕಿ ಅದನ್ನು ಹೊರತೆಗೆಯದೆ ರೋಗಿಯನ್ನು ವಿಮಾನಕ್ಕೆ ಏರಿಸುವುದು ಅಪಾಯಕಾರಿ. ವಿಮಾನವನ್ನು ತಗ್ಗಿನಲ್ಲಿ ಹಾರಿಸಿ ಒಳಗಿನ ಒತ್ತಡವನ್ನು ಹೆಚ್ಚಿಸಿಕೊಳ್ಳಬಹುದಾದರೂ ಇಂಧನವೂ ಸಮಯವೂ ಹೆಚ್ಚು ತಗಲುತ್ತವೆ.

ಆಮ್ಲಜನಕದ ಲೆಕ್ಕವನ್ನು ಕುಟುಂಬದವರೇ ಕಾಗದದ ಮೇಲೆ ಮಾಡಿ ನೋಡಬಹುದಾಗಿದೆ. ಆಂಬುಲೆನ್ಸ್‌ಗಳಲ್ಲಿ ಕಂಡುಬರುವ 'ಬಿ' ಮಾದರಿಯ ಸಿಲಿಂಡರ್ ಭರ್ತಿಯಾಗಿದ್ದಾಗ ಸುಮಾರು 1,500 ಲೀಟರ್ ಆಮ್ಲಜನಕ ನೀಡುತ್ತದೆ. ನಿಮಿಷಕ್ಕೆ 15 ಲೀಟರ್ ಬೇಕಾದ ರೋಗಿಗೆ ಅದು 100 ನಿಮಿಷ ಸಾಲುತ್ತದೆ. ನಿಮಿಷಕ್ಕೆ 60 ಲೀಟರ್ ಬೇಕಾಗುವ ಹೈ-ಫ್ಲೋ ಉಪಕರಣದ ಮೇಲಿದ್ದರೆ 25 ನಿಮಿಷ ಮಾತ್ರ. ಇನ್ನು ಕಲಬುರಗಿಯಿಂದ ಬೆಂಗಳೂರಿಗೆ ಸಾಗಣೆ ಎಂದು ಭಾವಿಸೋಣ. ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್ ದೂರ, ಸಣ್ಣ ವಿಮಾನಕ್ಕೆ ಹೆಚ್ಚು ಕಡಿಮೆ ಒಂದೂವರೆ ಗಂಟೆಯ ಹಾದಿ. ಆದರೆ ವಾರ್ಡಿನಿಂದ ರೋಗಿಯನ್ನು ಸಿದ್ಧಪಡಿಸಿ ಹೊರತರುವುದು, ವಿಮಾನ ನಿಲ್ದಾಣದ ಹಾದಿ, ವಿಮಾನಕ್ಕೆ ಏರಿಸುವುದು, ಇಳಿಸುವುದು, ಬೆಂಗಳೂರಿನ ವಾಹನ ದಟ್ಟಣೆ ಎಲ್ಲವನ್ನೂ ಕೂಡಿಸಿದರೆ ಹಾಸಿಗೆಯಿಂದ ಹಾಸಿಗೆಗೆ ನಾಲ್ಕು ಗಂಟೆ ಹಿಡಿಯಬಹುದು. ನಿಮಿಷಕ್ಕೆ 15 ಲೀಟರಿನಂತೆ ಇದಕ್ಕೆ 3,600 ಲೀಟರ್ ಬೇಕು. ವಿಳಂಬಕ್ಕಾಗಿ ಅದರ ಎರಡರಷ್ಟು ಇರಿಸಿಕೊಂಡರೆ 7,200 ಲೀಟರ್, ಅಂದರೆ ಐದು 'ಬಿ' ಸಿಲಿಂಡರ್. ಹೈ-ಫ್ಲೋ ಅವಲಂಬಿಸಿದ ರೋಗಿಗೆ ಇದೇ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಸಣ್ಣ ವಿಮಾನದಲ್ಲಿ ಅಷ್ಟು ಸಿಲಿಂಡರ್‌ಗಳಿಗೆ ಸ್ಥಳವೇ ಇರುವುದಿಲ್ಲ. ಆದುದರಿಂದಲೇ ಕೆಲವು ರೋಗಿಗಳನ್ನು ಹೊರಡುವ ಮುನ್ನ ವೆಂಟಿಲೇಟರಿಗೆ ವರ್ಗಾಯಿಸುವ ಸಲಹೆಯನ್ನು ವೈದ್ಯರು ನೀಡುತ್ತಾರೆ. ಇದನ್ನು ಕೇಳಿ ಗಾಬರಿಗೊಳ್ಳುವ ಸಂಬಂಧಿಕರಿಗೆ ಹಿನ್ನೆಲೆ ತಿಳಿದಿರುವುದು ಒಳಿತು.

ಹಾಸಿಗೆ ಖಚಿತವಾಗದ ಹಾರಾಟ

ಎರಡನೆಯ ಅಲೆಯಲ್ಲಿ ಬೆಂಗಳೂರಿನ ಸರ್ಕಾರಿ ಕೋಟಾದ ಹಾಸಿಗೆಗಳನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಹಂಚಿಕೆ ಮಾಡುತ್ತಿತ್ತು. ಹಂಚಿಕೆಯಾದ ಹಾಸಿಗೆಯು ಅನಿರ್ದಿಷ್ಟ ಕಾಲ ಕಾದಿರುತ್ತಿರಲಿಲ್ಲ. ದೂರದಿಂದ ಬರುವ ರೋಗಿಯ ವಿಷಯದಲ್ಲಿ ಈ ಒಂದು ಅಂಶವೇ ಇಡೀ ಪ್ರಯತ್ನವನ್ನು ನಿಷ್ಫಲಗೊಳಿಸಬಲ್ಲದು. 'ಬನ್ನಿ, ನೋಡೋಣ' ಎಂಬ ದೂರವಾಣಿ ಮಾತು ಹಾಸಿಗೆಯ ಖಾತರಿಯಲ್ಲ. ದಾಖಲಿಸಿಕೊಳ್ಳುವ ಆಸ್ಪತ್ರೆಯ ವೈದ್ಯರ ಹೆಸರು, ಘಟಕ ಮತ್ತು ತಲುಪಬೇಕಾದ ಸಮಯವನ್ನು ಒಳಗೊಂಡ ಲಿಖಿತ ಒಪ್ಪಿಗೆ ಇಲ್ಲದೆ ಮುಂಗಡ ಪಾವತಿಸುವುದು ಸೂಕ್ತವಲ್ಲ. ಸಣ್ಣ ವಿಮಾನ ನಿಲ್ದಾಣಗಳ ಕಾರ್ಯವೇಳೆಗೂ ಮಿತಿ ಇರುತ್ತದೆ. ಸಂಜೆ ದೊರೆತ ಹಾಸಿಗೆಗೆ ಮರುದಿನ ಬೆಳಿಗ್ಗೆಯಷ್ಟೇ ವಿಮಾನ ಹೊರಡುವ ಸಂದರ್ಭಗಳೂ ಉಂಟು.

ಹಾರಾಟವು ಸ್ವತಃ ಅಪಾಯರಹಿತವೆಂದೂ ಭಾವಿಸಬಾರದು. 2021ರ ಮೇ 6ರಂದು ನಾಗಪುರದಿಂದ ಮೇಲೇರಿದ ಏರ್ ಆಂಬುಲೆನ್ಸ್ ಒಂದರ ಚಕ್ರ ಕಳಚಿಬಿದ್ದು, ವಿಮಾನವು ಮುಂಬಯಿಯಲ್ಲಿ ಹೊಟ್ಟೆಯ ಮೇಲೆ ಇಳಿಯಬೇಕಾಯಿತು. ಅದೃಷ್ಟವಶಾತ್ ರೋಗಿಯೂ ಸೇರಿದಂತೆ ಎಲ್ಲರೂ ಪಾರಾದರು.

ವೆಚ್ಚ ಮತ್ತು ಕಾಗದಪತ್ರ

ಆಂಬುಲೆನ್ಸ್‌ಗಳಿಗೆ ನ್ಯಾಯಯುತ ದರ ನಿಗದಿಪಡಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಆದರೆ ವಿಮಾನದ ದರವು ಬಹುಮಟ್ಟಿಗೆ ಕರಾರಿನ ವಿಷಯವಾಗಿಯೇ ಉಳಿಯಿತು. ವಿಮಾನವು ತನ್ನ ನೆಲೆಯಿಂದ ರೋಗಿಯ ಊರಿಗೆ ಖಾಲಿ ಬರುವ ಹಾಗೂ ರೋಗಿಯನ್ನು ಇಳಿಸಿ ಖಾಲಿ ಹಿಂತಿರುಗುವ ಹಾರಾಟದ ವೆಚ್ಚವೂ ಬಿಲ್ಲಿನಲ್ಲಿ ಸೇರುತ್ತದೆ ಎಂಬುದು ಅನೇಕರಿಗೆ ಆಮೇಲೆ ತಿಳಿಯುತ್ತದೆ. ಮಧ್ಯಪ್ರದೇಶ ಸರ್ಕಾರವು 2024ರಲ್ಲಿ ಆರಂಭಿಸಿದ ಪಿಎಂ ಶ್ರೀ ಏರ್ ಆಂಬುಲೆನ್ಸ್ ಸೇವೆಯಲ್ಲಿ ಆಯುಷ್ಮಾನ್ ಕಾರ್ಡ್ ಹೊಂದಿದವರಿಗೆ ಸಾಗಣೆ ಉಚಿತ. ಸಾಗಣೆಯ ತೀರ್ಮಾನವನ್ನು ಕುಟುಂಬದ ಹಣದ ಶಕ್ತಿಯಿಂದ ಬೇರ್ಪಡಿಸುವ ದಿಸೆಯಲ್ಲಿ ಇದು ಗಮನಾರ್ಹ ಹೆಜ್ಜೆ. ಮುಂದಿನ ಸಾಂಕ್ರಾಮಿಕದ ಒತ್ತಡವನ್ನು ಅದು ತಾಳುವುದೇ ಎಂಬುದು ಬೇರೆ ಪ್ರಶ್ನೆ.

ಖಾಸಗಿ ಸೇವೆಯನ್ನು ಪಡೆಯುವವರು ಸಂಸ್ಥೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಹೊಂದಿದ ನಿರ್ವಾಹಕನೇ ಅಥವಾ ಕೇವಲ ಮಧ್ಯವರ್ತಿಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಜೊತೆಯಲ್ಲಿ ಬರುವ ವೈದ್ಯರ ಅರ್ಹತೆ, ಎರಡೂ ಕಡೆಯ ನೆಲದ ಆಂಬುಲೆನ್ಸ್ ದರದಲ್ಲಿ ಸೇರಿದೆಯೇ ಎಂಬ ವಿವರ, ಹವಾಮಾನದ ಕಾರಣ ಅಥವಾ ರೋಗಿಯ ನಿಧನದಿಂದ ಹಾರಾಟ ರದ್ದಾದಲ್ಲಿ ಮುಂಗಡ ಹಿಂತಿರುಗಿಸುವ ಷರತ್ತು, ಇವೆಲ್ಲವೂ ಬರಹದಲ್ಲಿರಬೇಕು. ವಿಮಾ ಪಾಲಿಸಿಯಲ್ಲಿ ಏರ್ ಆಂಬುಲೆನ್ಸ್‌ಗೆ ಪ್ರತ್ಯೇಕ ಮಿತಿ ನಮೂದಾಗಿದ್ದಲ್ಲಿ, ಸಾಗಣೆ ಅಗತ್ಯವೆಂದು ಚಿಕಿತ್ಸೆ ನೀಡುತ್ತಿದ್ದ ವೈದ್ಯರು ಹೊರಡುವ ಮುನ್ನ ನೀಡಿದ ಪ್ರಮಾಣಪತ್ರ, ಪ್ರಯಾಣಯೋಗ್ಯತೆಯ ಪತ್ರ, ಎರಡೂ ಆಸ್ಪತ್ರೆಗಳ ದಾಖಲೆ ಹಾಗೂ ಮೂಲ ರಸೀದಿಗಳನ್ನು ಕ್ಲೇಮಿನ ಸಲುವಾಗಿ ಕಾಯ್ದಿರಿಸಿಕೊಳ್ಳುವುದು. ನಗದಾಗಿ ಪಾವತಿಸಿ ರಸೀದಿ ಪಡೆಯದ ಮೊತ್ತವನ್ನು ಅನಂತರ ಸಾಬೀತುಪಡಿಸುವುದು ಕಷ್ಟಸಾಧ್ಯ.