ಇಬ್ಬರು ಷಡಕ್ಷರಿಗಳನ್ನು ಒಬ್ಬರನ್ನಾಗಿಸುವುದು ಭಕ್ತಿಯಲ್ಲ



ಮಲೆ ಮಹದೇಶ್ವರ ಬೆಟ್ಟವನ್ನಿಳಿದು ತಮಿಳುನಾಡಿನ ಕಡೆಗೆ ಸಾಗಿದರೆ ಗಡಿಯಲ್ಲಿ ಪಾಲಾರ್ ಹೊಳೆ ಎದುರಾಗುತ್ತದೆ. ಕಾಡಿನ ನಡುವೆ ಹರಿದು ಕಾವೇರಿಯನ್ನು ಕೂಡುವ ಚಿಕ್ಕ ಹೊಳೆಯಿದು. ಇದೇ ಹೆಸರಿನ ಮತ್ತೊಂದು ನದಿಯುಂಟು. ಅದು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯನ್ನು ಹಾದು, ಆಂಧ್ರ ಮತ್ತು ತಮಿಳುನಾಡುಗಳಲ್ಲಿ ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಹೆಸರು ಒಂದೇ, ನೀರು ಬೇರೆ. ಕೋಲಾರದಲ್ಲಿ ಮಳೆಯಾಯಿತೆಂದು ಕೇಳಿ ನಮ್ಮ ಪಾಲಾರಿನ ದಡದವರಾರೂ ದನಗಳನ್ನು ಮೇಲಕ್ಕೆ ಅಟ್ಟುವುದಿಲ್ಲ. ದನ ಕಾಯುವವರಿಗೆ ಇರುವ ಈ ವಿವೇಕವು ಗ್ರಂಥ ಮುದ್ರಿಸುವವರಿಗೆ ಏಕಿಲ್ಲವೆಂಬುದೇ ಈ ಲೇಖನದ ಪ್ರಶ್ನೆ.

ಈಚೆಗೆ ಭಕ್ತರೊಬ್ಬರು ಒಂದು ಭಜನಾ ಪುಸ್ತಿಕೆಯನ್ನು ತಂದು ತೋರಿಸಿದರು. ಅದರಲ್ಲಿ ‘ತಿರುಕನ ಕನಸು’ ಎಂದು ಮನೆಮಾತಾಗಿರುವ ಪದ್ಯವನ್ನು ಅಚ್ಚುಹಾಕಿ, ಕೆಳಗೆ ‘ಯಳಂದೂರಿನ ಷಡಕ್ಷರದೇವರು, ರಾಜಶೇಖರ ವಿಳಾಸದ ಕರ್ತೃ’ ಎಂದು ಬರೆದಿದ್ದರು. ಪ್ರಕಾಶಕರನ್ನು ವಿಚಾರಿಸಲಾಗಿ ಬಂದ ಉತ್ತರವು ತಪ್ಪಿಗಿಂತಲೂ ದೊಡ್ಡದು: ‘ಷಡಕ್ಷರಿ ಎಂಬುದು ಶಿವಮಂತ್ರದ ಹೆಸರು, ಯಾವ ಷಡಕ್ಷರಿಯಾದರೇನು, ಶರಣರೆಲ್ಲರೂ ಒಂದೇ ಅಲ್ಲವೆ?’

ಅಲ್ಲ. ವಿನಯಪೂರ್ವಕವಾಗಿ, ಆದರೆ ಸ್ಪಷ್ಟವಾಗಿ ಹೇಳುತ್ತೇವೆ, ಅಲ್ಲ.

ಆ ಪದ್ಯವು ಮುಪ್ಪಿನ ಷಡಕ್ಷರಿಗಳದು. ಅವರು ಸುಮಾರು 1500ರ ಕಾಲದವರು. ಪರಂಪರೆಯು ಅವರನ್ನು ಕೊಳ್ಳೇಗಾಲದ ಸೀಮೆಯೊಡನೆ, ನಿಜಗುಣ ಶಿವಯೋಗಿಗಳ ಕಾಲದೊಡನೆ ಸ್ಮರಿಸುತ್ತದೆ. ‘ಸುಬೋಧಸಾರ’ವೆಂಬುದು ಅವರ ಹಾಡುಗಳ ಸಂಗ್ರಹ. ಯಳಂದೂರಿನ ಷಡಕ್ಷರದೇವರು ಹದಿನೇಳನೆಯ ಶತಮಾನದವರು. ಮಳವಳ್ಳಿ ತಾಲ್ಲೂಕಿನ ಧನಗೂರಿನಿಂದ ಬಂದು ಯಳಂದೂರಿನ ಮಠದಲ್ಲಿ ನೆಲೆಸಿದವರು. ಅವರ ‘ರಾಜಶೇಖರ ವಿಳಾಸ’ದ ಕಾಲ ಸುಮಾರು 1655. ಅನಂತರ ಬಸವಣ್ಣನವರ ಚರಿತೆಯನ್ನು ಹೇಳುವ ‘ವೃಷಭೇಂದ್ರ ವಿಜಯ’ವನ್ನೂ ‘ಶಬರಶಂಕರ ವಿಳಾಸ’ವನ್ನೂ ರಚಿಸಿದರು. ಕನ್ನಡ, ಸಂಸ್ಕೃತಗಳೆರಡರಲ್ಲಿಯೂ ಸಮಾನವಾಗಿ ಬರೆದ ಪಂಡಿತರು. ಈ ಇಬ್ಬರ ನಡುವೆ ಸುಮಾರು ಒಂದೂವರೆ ಶತಮಾನದ ಅಂತರವಿದೆ. ಇಬ್ಬರೂ ಇದೇ ಸೀಮೆಯವರಾದುದರಿಂದ ಗೊಂದಲಕ್ಕೆ ಎಡೆಯಾಯಿತೆಂಬುದು ನಿಜ. ಆದರೆ ಎಡೆಯಿದ್ದ ಮಾತ್ರಕ್ಕೆ ಬೀಳಲೇಬೇಕೆಂಬ ನಿಯಮವಿಲ್ಲ.

ಕಾಲಗಣನೆಯನ್ನು ಬದಿಗಿರಿಸಿ, ಕಿವಿಯಿಂದಲೇ ಪರೀಕ್ಷಿಸಿರಿ. ಷಡಕ್ಷರದೇವರದು ಚಂಪೂ ಮಾರ್ಗ. ಅವರ ಕಾಲಕ್ಕೆ ಕವಿಗಳು ಷಟ್ಪದಿ, ಸಾಂಗತ್ಯಗಳತ್ತ ಒಲಿದಾಗಿತ್ತು. ಇವರು ಮಾತ್ರ ಹಳಗನ್ನಡವನ್ನೇ ಹಿಡಿದು ಪ್ರೌಢವಾದ ಸಮಾಸಗಳಿಂದ, ಶ್ಲೇಷೆಗಳಿಂದ ಕಾವ್ಯವನ್ನು ಕಟ್ಟಿದರು. ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಮಡಿದ ಬಡತಾಯಿಯ ಮಗುವಿಗಾಗಿ ಚೋಳರಾಜನು ಸ್ವಂತ ಮಗನಿಗೇ ದಂಡನೆ ವಿಧಿಸುವ ಪ್ರಸಂಗ ಅವರ ಕಾವ್ಯದ ಹೃದಯ. ಆ ತಾಯಿಯ ಗೋಳನ್ನು ಓದಿ ಕಣ್ಣೊದ್ದೆಯಾಗದವರು ವಿರಳ. ಆದರೆ ಅದನ್ನು ಓದಲು ನಿಘಂಟು ಪಕ್ಕದಲ್ಲಿರಬೇಕು, ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಮುಪ್ಪಿನ ಷಡಕ್ಷರಿಗಳದು ಬೇರೆಯೇ ದಾರಿ. ಭೋಗಷಟ್ಪದಿಯ ಕುಣಿಯುವ ಗತಿ. ಶಾಲೆಯ ಮಗುವಿಗೂ ಬಾಯಿಗೆ ಬರುವ ಮಾತು. ಭಿಕ್ಷುಕನೊಬ್ಬನು ಹಾಳು ಛತ್ರದಲ್ಲಿ ಮಲಗಿ ಕನಸಿನಲ್ಲಿ ಅರಸನಾಗುತ್ತಾನೆ, ಮಡದಿ ಮಕ್ಕಳನ್ನು ಪಡೆಯುತ್ತಾನೆ, ಕೊನೆಗೆ ಬೆಚ್ಚಿ ಎಚ್ಚರಗೊಳ್ಳುತ್ತಾನೆ. ನಿಜಗುಣರು ಶಾಸ್ತ್ರದ ಕ್ರಮದಲ್ಲಿ ನಿರೂಪಿಸಿದ ಸಂಸಾರಮಿಥ್ಯೆಯನ್ನು ಇವರು ಒಂದು ಕಥೆಯ ತುತ್ತಾಗಿಸಿ ಉಣಿಸಿದರು. ಒಬ್ಬರು ಅರಸನ ನ್ಯಾಯವನ್ನು ಎತ್ತಿಹಿಡಿದರೆ ಇನ್ನೊಬ್ಬರು ಅರಸುತನವೇ ಕನಸೆಂದರು. ಇವರಿಬ್ಬರನ್ನು ಒಬ್ಬರೆಂದು ನಂಬುವವರು ಇಬ್ಬರಲ್ಲಿ ಯಾರನ್ನೂ ಓದಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಇನ್ನು ‘ಶರಣರೆಲ್ಲರೂ ಒಂದೇ’ ಎಂಬ ಮಾತು. ಇದು ಕೇಳಲು ಇಂಪಾಗಿದೆ. ಆದರೆ ಶರಣರೇ ಇದನ್ನು ಈ ಅರ್ಥದಲ್ಲಿ ಒಪ್ಪಲಿಲ್ಲವೆಂಬುದಕ್ಕೆ ವಚನಗಳ ಕೊನೆಯಲ್ಲಿರುವ ಅಂಕಿತಗಳೇ ಸಾಕ್ಷಿ. ಕಲ್ಯಾಣದಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ! ಚೌಡಯ್ಯನವರು ಇಬ್ಬರು: ದೋಣಿ ನಡೆಸುವ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು, ವೇಷ ಕಟ್ಟುವ ಬಹುರೂಪಿ ಚೌಡಯ್ಯನವರ ಅಂಕಿತ ‘ರೇಕಣ್ಣಪ್ರಿಯ ನಾಗಿನಾಥ’. ಕಾಳವ್ವೆಯವರು ಮೂವರಿದ್ದಾರೆ, ಉರಿಲಿಂಗಪೆದ್ದಿಗಳ, ಬಾಚಿಕಾಯಕದ ಬಸವಯ್ಯನವರ, ಸಿದ್ಧಬುದ್ಧಯ್ಯನವರ ಪುಣ್ಯಸ್ತ್ರೀಯರೆಂದು ಅವರನ್ನು ಬೇರೆಬೇರೆಯಾಗಿಯೇ ಗುರುತಿಸುತ್ತೇವೆ.

ಮಾರಯ್ಯನವರ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಸಿಂಹಾಸನವನ್ನು ತೊರೆದು ಬಂದು ಸೌದೆಯ ಹೊರೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನವರಿಗೆ ತೊರೆಯಲು ಸಿಂಹಾಸನವಿರಲಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರು. ಅವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನವರು ಅದನ್ನು ಮನೆಯೊಳಗೆ ಇಳಿಸಗೊಡದೆ, ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದರು. ‘ಮಾರಯ್ಯ’ ಎಂದಷ್ಟೇ ಹೇಳಿ ಈ ಪ್ರಸಂಗವನ್ನು ಮೋಳಿಗೆಯವರಿಗೆ ಅಂಟಿಸಿದರೆ ಏನಾಗುತ್ತದೆ? ರಾಜ್ಯವನ್ನೇ ಬಿಟ್ಟವನಿಗೆ ಹಿಡಿ ಅಕ್ಕಿ ಬಿಡುವುದು ಏನು ಮಹಾ ಎನಿಸುತ್ತದೆ. ಏನೂ ಇಲ್ಲದವರ ಮನೆಯಲ್ಲಿ, ನಾಳೆಯ ಅಕ್ಕಿಯೂ ಇಲ್ಲದ ಗೃಹಿಣಿಯು ‘ಇಷ್ಟು ನಮಗೇಕೆ’ ಎಂದು ಕೇಳಿದ ಧೈರ್ಯವು ಅಳಿಸಿಹೋಗುತ್ತದೆ. ಹೆಸರು ಬೆರೆಸಿದವರು ಲಕ್ಕಮ್ಮನವರ ಬಡತನವನ್ನೂ, ಅದರೊಡನೆ ಅವರ ಸಿರಿಯನ್ನೂ ಕಸಿದುಕೊಂಡಂತಾಯಿತು. ಕಾಯಕವನ್ನು ಹೆಸರಿನ ಮುಂದಿರಿಸಿ ಹೇಳುವ ನಮ್ಮ ರೂಢಿ ಅಲಂಕಾರವಲ್ಲ. ಅದೇ ಅವರ ಗುರುತು.

ಈಚಿನ ಕಾಲದಲ್ಲಿಯೂ ಇದೇ ಕಥೆ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಮತ್ತು ಸಿರಿಗೆರೆಯ ತರಳಬಾಳು ಪೀಠದ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914–1992) ಬಹುಕಾಲ ಸಮಕಾಲೀನರಾಗಿದ್ದರು. ಇಬ್ಬರೂ ಬಡಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದವರು. ಆದರೆ ಸಿರಿಗೆರೆಯವರ ಖಡ್ಗದಂತಹ ಮಾತು ಬೇರೆ, ಅವರು ನಾಟಕ ಬರೆದು ರಂಗದ ಮೂಲಕ ಬೋಧಿಸಿದ ರೀತಿ ಬೇರೆ. ಸಿದ್ಧಗಂಗೆಯವರ ಮೌನದಾಸೋಹ ಬೇರೆ. ಮೊಬೈಲಿನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಭಾವಚಿತ್ರ ಅಂಟಿಸಿ ಹಂಚುವವರು ಇಬ್ಬರಿಗೂ ಗೌರವ ಸಲ್ಲಿಸುತ್ತಿಲ್ಲ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳ ಊರೂರಿನಲ್ಲಿ ಮಾದಪ್ಪನ ಹೆಸರು ಹೊತ್ತವರಿದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಹದೇವಸ್ವಾಮಿಗಳು ನಾಲ್ವರಿದ್ದರೆ ಮೇಷ್ಟರು ತಂದೆಯ ಹೆಸರಿನ ಅಕ್ಷರ ಸೇರಿಸಿ ಕರೆಯುತ್ತಾರೆ. ನಿಮ್ಮ ಜಮೀನಿನ ಪಹಣಿಯಲ್ಲಿ ಬೇರೊಬ್ಬ ಮಹದೇವಸ್ವಾಮಿಯ ತಂದೆಯ ಹೆಸರು ಸೇರಿದರೆ ‘ಮಾದಪ್ಪನ ಒಕ್ಕಲೆಲ್ಲ ಒಂದೇ’ ಎಂದು ಸುಮ್ಮನಿರುತ್ತೀರಾ? ಮರುದಿನವೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತೀರಿ. ಗುಂಟೆ ಹೊಲಕ್ಕಿರುವ ಎಚ್ಚರ ಗುರುಗಳ ವಾಣಿಗೆ ಬೇಡವೆ?

ನಷ್ಟ ಯಾರಿಗೆಂಬುದನ್ನೂ ಗಮನಿಸಬೇಕು. ಹೆಸರುಗಳು ಬೆರೆತಾಗ ಸದಾ ದೊಡ್ಡ ಗ್ರಂಥದವರು ಉಳಿಯುತ್ತಾರೆ, ಹಾಡಿನವರು ಮರೆಯಾಗುತ್ತಾರೆ. ಷಡಕ್ಷರದೇವರಿಗೆ ಮಹಾಕಾವ್ಯಗಳಿವೆ, ಯಳಂದೂರಿನಲ್ಲಿ ಗದ್ದುಗೆಯಿದೆ, ವಿಶ್ವವಿದ್ಯಾಲಯದ ಪಠ್ಯಗಳಲ್ಲಿ ಸ್ಥಾನವಿದೆ. ಇನ್ನೊಬ್ಬರ ಪದ್ಯದಿಂದ ಅವರ ಕೀರ್ತಿಗೆ ಸೇರಬೇಕಾದುದೇನೂ ಇಲ್ಲ. ಮುಪ್ಪಿನ ಷಡಕ್ಷರಿಗಳು ಜನರ ನಾಲಗೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಒಂದು ಪದ್ಯದಿಂದ. ಅದನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು?

ಬರುವ ಶ್ರಾವಣದ ಭಜನೆಗಾಗಿ ಪುಸ್ತಿಕೆಗಳು ಅಚ್ಚಿಗೆ ಹೋಗುತ್ತಿರುವವೆಂದು ಕೇಳಿದ್ದೇವೆ. ಆ ಪದ್ಯದ ಕೆಳಗೆ ‘ಮುಪ್ಪಿನ ಷಡಕ್ಷರಿಗಳು, ಸುಬೋಧಸಾರ’ ಎಂದು ಮುದ್ರಿಸಿರಿ. ಹಳೆಯ ಪ್ರತಿಗಳು ಮನೆಯಲ್ಲಿದ್ದರೆ ಎಸೆಯಬೇಡಿರಿ; ಲೇಖನಿಯಿಂದ ‘ಯಳಂದೂರಿನ’ ಎಂಬುದನ್ನು ಹೊಡೆದು ‘ಮುಪ್ಪಿನ’ ಎಂದು ಬರೆಯಿರಿ, ಆ ಕೆಲಸವನ್ನು ಮನೆಯ ಮಕ್ಕಳಿಂದ ಮಾಡಿಸಿರಿ, ಮಾಡುವಾಗ ಪದ್ಯವನ್ನು ಒಮ್ಮೆ ಅವರಿಂದ ಹಾಡಿಸಿರಿ.